ಹಾರಿಸಿಬಿಟ್ಟ ಪಾಠ

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಕಪ್ಪೆಯ ಹೃದಯದ ಮೂರು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸುತ್ತಿದ್ದೆ. ಹದಿಹರೆಯದ ಪಾಠ ಬಂದಾಗ ಮಾತ್ರ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹಾಳೆ ಮಗುಚುತ್ತಿದ್ದೆ. ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಹೇಡಿತನವೆಂದು ತಿಳಿದದ್ದು ಮಗಳಿಂದ.

ತಿಂಗಳಿಗೆ ಎರಡು ಮೂರು ದಿನ ಅವಳು ಕಿಬ್ಬೊಟ್ಟೆ ಹಿಡಿದುಕೊಂಡು ಮಲಗಿಬಿಡುತ್ತಿದ್ದಳು, ಶಾಲೆ ತಪ್ಪುತ್ತಿತ್ತು. "ಹೆಣ್ಣಾದ ಮೇಲೆ ಇದ್ದದ್ದೇ" ಎಂದರು ನನ್ನ ತಾಯಿ, ಹೌದೆಂದೆ ನಾನು. ಎಂಡೋಮೆಟ್ರಿಯೋಸಿಸ್ ಎಂಬ ಹೆಸರು ವೈದ್ಯರ ಬಾಯಿಂದ ಬರುವ ಹೊತ್ತಿಗೆ ಅವಳಿಗೆ ಇಪ್ಪತ್ತನಾಲ್ಕು ತುಂಬಿತ್ತು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅದರ ಹೊರಗೆ ಬೆಳೆದು ನೋಯಿಸುವ ರೋಗ ಇದು. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 10 ಮಂದಿಗೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪತ್ತೆಯಾಗಲು ವರ್ಷಗಟ್ಟಲೆ ತಡವಾಗುವುದು ಎಲ್ಲ ದೇಶಗಳಲ್ಲೂ ಉಂಟು.

"ಇಂಥದನ್ನು ತಾಯಿ ಹೇಳಲಿ, ಶಾಲೆಗೇಕೆ?" ಎನ್ನುವ ಹಿರಿಯರಿದ್ದಾರೆ. ತಾಯಿಗೆ ಯಾರು ಹೇಳಿದ್ದರು, ಸ್ವಾಮಿ? ಅಜ್ಜಿ ಸಹಿಸಿದಳು, ತಾಯಿ ಸಹಿಸಿದಳು. ಮಗಳಿಗೆ ಬಂದ ಬಳುವಳಿಯೂ ಅದೇ. "ಮಕ್ಕಳು ಕೆಟ್ಟುಹೋಗುತ್ತಾರೆ" ಎನ್ನುವವರೂ ಇದ್ದಾರೆ. ನೋವಿನ ವಿಚಾರ ತಿಳಿದು ಕೆಟ್ಟ ಮಗುವನ್ನು ನಾನು ಕಾಣೆ. ತಿಳಿಯದೆ ನರಳಿದವಳನ್ನು ಮನೆಯಲ್ಲೇ ಕಂಡಿದ್ದೇನೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 'ಶುಚಿ' ಯೋಜನೆಯಲ್ಲಿ ಹುಡುಗಿಯರಿಗೆ ಪ್ಯಾಡು ಹಂಚಿತು. ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡಲು 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಒಪ್ಪಿತು. ಸಂತೋಷವೇ. ಆದರೆ ಅದೇ ನೋವಿಗೆ ಮನೆಯಲ್ಲಿ ಉಳಿದ ಹುಡುಗಿಗೆ ಹಾಜರಿ ಪುಸ್ತಕದಲ್ಲಿ ಬೀಳುವುದು ಗೈರುಹಾಜರಿಯ ಗುರುತು ಮಾತ್ರ. ಏಕೆ ಬರಲಿಲ್ಲವೆಂದು ನಾನಂತೂ ಒಮ್ಮೆಯೂ ಕೇಳಲಿಲ್ಲ.

ಹೇಳಬೇಕಾದ ಪಾಠ ಒಂದು ಪೀರಿಯಡ್ಡಿನದು. ಗರ್ಭಕೋಶ ಹಿಂಡಿಕೊಳ್ಳುವುದರಿಂದ ಮೊದಲ ಒಂದೆರಡು ದಿನ ನೋವು ಬರುವುದು, ಬಿಸಿನೀರಿನ ಶಾಖಕ್ಕೋ ಮಾತ್ರೆಗೋ ಅದು ತಗ್ಗುವುದು ಸಾಮಾನ್ಯ. ಮಾತ್ರೆಗೂ ಬಗ್ಗದ, ಶಾಲೆ ಬಿಡಿಸುವ, ಮುಟ್ಟಿಲ್ಲದ ದಿನಗಳಲ್ಲೂ ಕಾಡುವ, ಮಲಮೂತ್ರದ ವೇಳೆ ಹಿಂಸಿಸುವ ನೋವು ಸಾಮಾನ್ಯವಲ್ಲ, ವೈದ್ಯರಿಗೆ ತೋರಿಸಲೇಬೇಕು. ಇಷ್ಟನ್ನು ಗಂಡುಹುಡುಗರೂ ಪಕ್ಕದಲ್ಲೇ ಕುಳಿತು ಕೇಳಲಿ. ನಾಳೆ ಗಂಡನೂ ತಂದೆಯೂ ಮೇಷ್ಟರೂ ಆಗುವವರು ಅವರೇ ತಾನೆ?

ನಾನು ನಿವೃತ್ತನಾಗಿದ್ದೇನೆ. ಮಗುಚಿದ ಹಾಳೆಯನ್ನು ಮತ್ತೆ ತೆರೆಯಲು ನನಗೆ ತರಗತಿಯಿಲ್ಲ. ಇಂದು ತರಗತಿಯಿರುವ ಮೇಷ್ಟರು ಅದನ್ನು ಮಗುಚದಿರಲಿ.