ಚಳಿಗಾಲದಲ್ಲಿ ಟ್ರ್ಯಾಕ್ಟರ್ ಎಂಜಿನ್ ಅರ್ಧ ಗಂಟೆ ಬಿಸಿ ಮಾಡಬೇಕೆ?

ಡಿಸೆಂಬರ್ ಬಂತೆಂದರೆ ಬೀದರ್, ಕಲಬುರಗಿ, ವಿಜಯಪುರದ ಕಡೆ ಬೆಳಗಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವುದುಂಟು. ಅದೇ ಹೊತ್ತಿಗೆ ಬೆಳಗಾವಿ, ಬಾಗಲಕೋಟೆಯಲ್ಲಿ ಕಬ್ಬಿನ ಹಂಗಾಮು, ಕಲಬುರಗಿಯಲ್ಲಿ ತೊಗರಿ ರಾಶಿ. ಟ್ರ್ಯಾಕ್ಟರ್‌ಗೆ ಬಿಡುವೇ ಇಲ್ಲದ ದಿನಗಳಿವು. ಆಗ ಎರಡು ಮಾತು ಕೇಳಿಬರುತ್ತವೆ. ಡೀಸೆಲ್ ಎಂಜಿನ್ ಅರ್ಧ ಗಂಟೆಯಾದರೂ ನಿಂತಲ್ಲೇ ಓಡಬೇಕು, ಇಲ್ಲದಿದ್ದರೆ ಪಿಸ್ಟನ್ ಹಾಳಾಗುತ್ತದೆ ಎನ್ನುವುದು ಒಂದು. ಈಗಿನ ಎಂಜಿನ್‌ಗೆ ಅದೆಲ್ಲ ಬೇಡ, ಸ್ಟಾರ್ಟ್ ಮಾಡಿ ಗೇರ್ ಹಾಕಿ ಹೊರಡಬಹುದು ಎನ್ನುವುದು ಇನ್ನೊಂದು.

ಎರಡರಲ್ಲೂ ಸ್ವಲ್ಪ ಸತ್ಯವಿದೆ, ಸ್ವಲ್ಪ ತಪ್ಪಿದೆ. ಯಾವುದು ಎಷ್ಟು ನಿಜ ಎಂದು ತಿಳಿಯಲು ಚಳಿಯಲ್ಲಿ ಎಂಜಿನ್ ಒಳಗೆ ಏನಾಗುತ್ತದೆ ಎಂದು ಮೊದಲು ನೋಡೋಣ.

ಡೀಸೆಲ್ ಎಂಜಿನ್‌ಗೆ ಚಳಿ ಏಕೆ ಕಷ್ಟ?

ಪೆಟ್ರೋಲ್ ಎಂಜಿನ್‌ನಲ್ಲಿ ಬೆಂಕಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅದಿಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಅದರ ಗಾತ್ರದ ಸುಮಾರು 16ರಿಂದ 18ರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಇಲ್ಲಿ ನಡೆಯುವುದೂ ಅದೇ, ಆದರೆ ಗಾಳಿಯ ಬಿಸಿ 500 ಡಿಗ್ರಿ ದಾಟುತ್ತದೆ. ಆ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್‌ನ ತತ್ವ ಇದು.

ಅಂದರೆ ಬಿಸಿ ಗಾಳಿಯೇ ಈ ಎಂಜಿನ್‌ನ ಬೆಂಕಿಕಡ್ಡಿ. ಚಳಿಯಲ್ಲಿ ಒಳಗೆ ಬರುವ ಗಾಳಿ ತಣ್ಣಗಿರುತ್ತದೆ. ಸಿಲಿಂಡರ್‌ನ ತಣ್ಣನೆಯ ಕಬ್ಬಿಣ ಒತ್ತಿದ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಇದರ ಮೇಲೆ ಬ್ಯಾಟರಿಯೂ ಸೋಲುತ್ತದೆ, ಏಕೆಂದರೆ ಅದರೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನ. ಇತ್ತ ಎಂಜಿನ್ ಆಯಿಲ್ ಮಂದವಾಗಿರುವುದರಿಂದ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕು. ಸೆಲ್ಫ್ ನಿಧಾನವಾಗಿ ತಿರುಗಿದಷ್ಟೂ ಒತ್ತಿದ ಗಾಳಿ ರಿಂಗ್‌ಗಳ ಸಂದಿಯಿಂದ ಸೋರಿ ಬಿಸಿ ಇನ್ನೂ ಕಡಿಮೆಯಾಗುತ್ತದೆ.

ಸ್ಟಾರ್ಟ್ ಆದ ಮೊದಲ ನಿಮಿಷ ಬರುವ ಬಿಳಿ ಹೊಗೆ ಇದರದೇ ಗುರುತು. ಅದು ಪೂರ್ತಿ ಉರಿಯದ ಡೀಸೆಲ್‌ನ ಸಣ್ಣ ಹನಿಗಳು. ಕಣ್ಣು ಉರಿಸುವ ವಾಸನೆ ಬರುವುದೂ ಅದರಿಂದಲೇ. ಎಂಜಿನ್ ಬೆಚ್ಚಗಾದಂತೆ ಅದು ನಿಲ್ಲಬೇಕು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ ತೋರಿಸಬೇಕು.

ಹಾಗಾದರೆ ಕೂಡಲೇ ಹೊರಟರೆ ಏನಾಗುತ್ತದೆ?

ರಾತ್ರಿಯಿಡೀ ನಿಂತ ಎಂಜಿನ್‌ನಲ್ಲಿ ಆಯಿಲ್ ಬಹುಪಾಲು ಕೆಳಗಿನ ಸಂಪ್‌ಗೆ ಇಳಿದಿರುತ್ತದೆ. ಸ್ಟಾರ್ಟ್ ಆದ ಮೇಲೆ ಪಂಪ್ ಅದನ್ನು ಬೇರಿಂಗ್, ರಾಕರ್, ಟರ್ಬೊ ಇದ್ದರೆ ಅಲ್ಲಿಗೂ ತಲುಪಿಸಬೇಕು. 15ಡಬ್ಲ್ಯೂ-40 ಆಯಿಲ್ 40 ಡಿಗ್ರಿಯಲ್ಲಿ ಇರುವಷ್ಟು ಮಂದ 100 ಡಿಗ್ರಿಯಲ್ಲಿ ಇರುವುದಿಲ್ಲ. ವ್ಯತ್ಯಾಸ ಸುಮಾರು 7ರಿಂದ 8 ಪಟ್ಟು. 10 ಡಿಗ್ರಿಯ ಬೆಳಗಿನಲ್ಲಿ ಅದು ಇನ್ನೂ ಹಲವು ಪಟ್ಟು ಮಂದ. ಹೀಗಾಗಿ ಮೇಲಿನ ಭಾಗಗಳಿಗೆ ಅದು ತಲುಪಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಟರ್ಬೊ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವುದರಿಂದ ಅದಕ್ಕೆ ಇದು ಹೆಚ್ಚು ಅಪಾಯ.

ಇನ್ನೊಂದು ಕಾರಣ ಪಿಸ್ಟನ್. ಟ್ರ್ಯಾಕ್ಟರ್‌ನಲ್ಲಿ ಸಾಮಾನ್ಯವಾಗಿ ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಬೀಡುಕಬ್ಬಿಣ. ಎರಡೂ ಬಿಸಿಯಲ್ಲಿ ಹಿಗ್ಗುವ ಪ್ರಮಾಣ ಒಂದೇ ಅಲ್ಲ. ನಡುವಿನ ಸಂದಿ ಸರಿಯಾಗಿ ಕೂರುವುದು ಎಂಜಿನ್ ತನ್ನ ಕೆಲಸದ ಬಿಸಿಗೆ, ಅಂದರೆ ಸುಮಾರು 80ರಿಂದ 95 ಡಿಗ್ರಿಗೆ ಬಂದ ಮೇಲೆ. ಆದ್ದರಿಂದ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಟ್ರೇಲರ್ ಕಬ್ಬು ಎಳೆಯುವುದು ಖಂಡಿತ ತಪ್ಪು. ಎಂಜಿನ್ ಹೊಸದಾದರೂ ಈ ಮಾತು ಬದಲಾಗುವುದಿಲ್ಲ.

ಅರ್ಧ ಗಂಟೆ ನಿಲ್ಲಿಸಿ ಓಡಿಸಿದರೆ ಒಳ್ಳೆಯದಲ್ಲವೆ?

ಇಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. ನಿಂತಲ್ಲೇ ಓಡುವ ಡೀಸೆಲ್ ಎಂಜಿನ್ ಸುಲಭಕ್ಕೆ ಬಿಸಿಯಾಗುವುದಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನದ ಅನುಪಾತ ಹೆಚ್ಚುಕಡಿಮೆ 14.7ಕ್ಕೆ 1. ಡೀಸೆಲ್ ಎಂಜಿನ್ ಮಾತ್ರ ಪ್ರತಿ ಸುತ್ತಿನಲ್ಲೂ ಸಿಲಿಂಡರ್ ತುಂಬ ಗಾಳಿ ಎಳೆದುಕೊಳ್ಳುತ್ತದೆ, ಐಡಲ್‌ನಲ್ಲಿ ಡೀಸೆಲ್ ಸಿಂಪಡಿಸುವುದು ತೀರ ಸ್ವಲ್ಪ. ದೊಡ್ಡ ಹಂಡೆ ನೀರಿಗೆ ಎರಡೇ ಪುಳ್ಳೆ ಕಟ್ಟಿಗೆ ಹಾಕಿದಂತೆ. ಹುಟ್ಟಿದ ಅಲ್ಪ ಶಾಖವನ್ನು ಅದೇ ಗಾಳಿ ಸೈಲೆನ್ಸರ್ ಮೂಲಕ ಹೊತ್ತೊಯ್ಯುತ್ತದೆ.

ತಣ್ಣನೆಯ ಸಿಲಿಂಡರ್‌ನಲ್ಲಿ ಉರಿಯದೆ ಉಳಿದ ಡೀಸೆಲ್ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಸಂಪ್‌ಗೆ ಇಳಿಯುತ್ತದೆ. ಇದು ದಿನವೂ ನಡೆದರೆ ಆಯಿಲ್ ತೆಳುವಾಗುತ್ತದೆ. ಇಂಜೆಕ್ಟರ್ ತುದಿ, ವಾಲ್ವ್, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಿಸಬೇಕು. ಡೀಸೆಲ್ ಒಳಗೆ ಬರಲು ಸೋರುವ ಇಂಜೆಕ್ಟರ್ ಅಥವಾ ಪಂಪ್ ಕೂಡ ಕಾರಣವಿರಬಹುದು, ಅದನ್ನೂ ನೋಡಿಸಿ. ಎಂಜಿನ್ ಉಳಿಸಲು ಮಾಡಿದ ಕೆಲಸವೇ ಅದನ್ನು ಸವೆಸುತ್ತದೆ ಎಂದರೆ ಇದೇ.

ಖರ್ಚನ್ನೂ ಲೆಕ್ಕ ಹಾಕಿ. 45-50 ಅಶ್ವಶಕ್ತಿಯ ಟ್ರ್ಯಾಕ್ಟರ್ ಐಡಲ್‌ನಲ್ಲಿ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ ಎಂದುಕೊಳ್ಳೋಣ. ದಿನಕ್ಕೆ ಅರ್ಧ ಗಂಟೆಯಂತೆ 60 ದಿನಕ್ಕೆ 30 ಗಂಟೆ. ಅಂದರೆ 15ರಿಂದ 30 ಲೀಟರ್ ಡೀಸೆಲ್, ಒಂದು ಸಾಲೂ ಉಳದೆ.

ಇನ್ನೂ ಒಂದು ಸಂಗತಿ. ನಿಂತಲ್ಲಿ ಬಿಸಿಯಾಗುವುದು ಎಂಜಿನ್ ಮಾತ್ರ. ಗೇರ್‌ಬಾಕ್ಸ್, ಹೈಡ್ರಾಲಿಕ್, ಹಿಂದಿನ ಆಕ್ಸಲ್‌ನಲ್ಲಿರುವ ಹತ್ತಾರು ಲೀಟರ್ ಆಯಿಲ್ ಹಾಗೆಯೇ ತಣ್ಣಗಿರುತ್ತದೆ. ಅದು ಬೆಚ್ಚಗಾಗಬೇಕಾದರೆ ಟ್ರ್ಯಾಕ್ಟರ್ ನಿಧಾನವಾಗಿ ನಡೆಯಬೇಕು, ಲಿಫ್ಟ್ ಎರಡು ಮೂರು ಸಲ ಏರಿಳಿಯಬೇಕು. ಬೆಳಿಗ್ಗೆ ಲಿಫ್ಟ್ ಎತ್ತುವಾಗ ಪಂಪ್ ಕೀರಲು ಸದ್ದು ಮಾಡಿದರೆ, ಆಯಿಲ್ ಇನ್ನೂ ಮಂದವಿರುವುದು ಒಂದು ಕಾರಣ.

ಸರಿಯಾದ ಕ್ರಮ ಯಾವುದು?

ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ನಲ್ಲಿ ಇರಿಸಿ ಸ್ಟಾರ್ಟ್ ಮಾಡಿ. ಹೀಟರ್ ಅಥವಾ ಗ್ಲೋ ಪ್ಲಗ್ ಇದ್ದರೆ ಅದರ ದೀಪ ಆರುವವರೆಗೆ ಕಾಯಿರಿ. ಸೆಲ್ಫ್ ಅನ್ನು ಒಂದೇ ಸಮನೆ 10-15 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಮತ್ತೆ ಪ್ರಯತ್ನಿಸುವ ಮೊದಲು ಒಂದು ನಿಮಿಷ ಬಿಡಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಪ್ರೆಷರ್ ದೀಪ ಆರಿತೆ ನೋಡಿ. ಕೆಲವು ಸೆಕೆಂಡಿನಲ್ಲಿ ಆರದಿದ್ದರೆ ಎಂಜಿನ್ ನಿಲ್ಲಿಸಿ.

ನಮ್ಮ ರಾಜ್ಯದ ಚಳಿಗೆ 3ರಿಂದ 5 ನಿಮಿಷ ಸಾಕು. ಐಡಲ್‌ಗಿಂತ ಸ್ವಲ್ಪ ಹೆಚ್ಚು, 1000ದಿಂದ 1200 ಆರ್‌ಪಿಎಂ ಇಟ್ಟರೆ ಒಳ್ಳೆಯದು. ನಂತರ ಖಾಲಿ ಟ್ರೇಲರ್‌ನೊಂದಿಗೆ ಅಥವಾ ಹಗುರ ಕೆಲಸದಲ್ಲಿ ನಿಧಾನವಾಗಿ ಹೊರಡಿ. ಉಷ್ಣಾಂಶದ ಮುಳ್ಳು ಹಸಿರು ಭಾಗಕ್ಕೆ ಬಂದ ಮೇಲೆ ಪೂರ್ತಿ ಹೊರೆ ಹಾಕಿ. ಮುಳ್ಳು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ, ಆಯಿಲ್ ಅದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ. ಹಾಗಾಗಿ ಮುಳ್ಳು ಏರಿದ ಮೇಲೂ ನಾಲ್ಕಾರು ನಿಮಿಷ ತಾಳ್ಮೆ ಇರಲಿ. ನಿಮ್ಮ ಟ್ರ್ಯಾಕ್ಟರ್‌ನ ಕೈಪಿಡಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಡೀಸೆಲ್ ಗಟ್ಟಿಯಾಗುವುದು ನಿಜವೆ?

ನಿಜ, ಆದರೆ ನಮ್ಮಲ್ಲಿ ಅಪರೂಪ. ಡೀಸೆಲ್‌ನಲ್ಲಿರುವ ಮೇಣದ ಅಂಶ ಚಳಿಯಲ್ಲಿ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಅದಕ್ಕೇ ಭಾರತೀಯ ಮಾನಕದಲ್ಲಿ ಬೇಸಿಗೆಗೂ ಚಳಿಗಾಲಕ್ಕೂ ಡೀಸೆಲ್‌ನ ಮಿತಿ ಬೇರೆ ಬೇರೆ. ಲಡಾಖ್‌ನಂಥ ಕಡೆ ಸಾಮಾನ್ಯ ಡೀಸೆಲ್ ಕೆಲಸಕ್ಕೆ ಬಾರದು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅಲ್ಲಿಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ಬಿಡುಗಡೆ ಮಾಡಿತು. ನಮ್ಮ ಹೊಲದಲ್ಲಿ ಚಳಿಗಾಲದ ಬೆಳಿಗ್ಗೆ ಎಂಜಿನ್ ಕೆಮ್ಮಿದರೆ ಮೇಣಕ್ಕಿಂತ ಫಿಲ್ಟರ್‌ನಲ್ಲಿ ನಿಂತ ನೀರು ಅಥವಾ ಸೋತ ಬ್ಯಾಟರಿಯ ಮೇಲೆ ಮೊದಲು ಅನುಮಾನ ಪಡಿ.

ಸೀಮೆಎಣ್ಣೆ ಬೆರೆಸುವ ಹಳೆಯ ಉಪಾಯ ಬೇಡ. ಡೀಸೆಲ್‌ಗೆ ಪಂಪ್ ಮತ್ತು ಇಂಜೆಕ್ಟರ್ ಅನ್ನು ಜಾರುವಂತೆ ಇಡುವ ಗುಣವಿದೆ, ಸೀಮೆಎಣ್ಣೆಗೆ ಅದು ಕಡಿಮೆ. 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರ್‌ಗಳಿಗೆ ಹೊಸ ಹೊಗೆ ನಿಯಮ ಬಂದ ಮೇಲೆ ಅವುಗಳಲ್ಲಿ ಹೆಚ್ಚು ಒತ್ತಡದ ಕಾಮನ್ ರೈಲ್ ವ್ಯವಸ್ಥೆ ಸಾಮಾನ್ಯವಾಗಿದೆ. ಇಂಥ ಕಲಬೆರಕೆಯನ್ನು ಅದು ತಡೆಯುವುದಿಲ್ಲ.

ಜೀವಕ್ಕೆ ಅಪಾಯವಾಗುವ ತಪ್ಪುಗಳು

ಎಂಜಿನ್ ಹಾಳಾದರೆ ದುರಸ್ತಿ ಮಾಡಿಸಬಹುದು. ಕೆಳಗಿನ ತಪ್ಪುಗಳಿಗೆ ದುರಸ್ತಿ ಇಲ್ಲ.

ಚಳಿಯೆಂದು ಬಾಗಿಲು ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಪೆಟ್ರೋಲ್ ಹೊಗೆಗಿಂತ ಕಡಿಮೆ, ಆದರೆ ಇಲ್ಲದೇ ಇಲ್ಲ. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ದನದ ಕೊಟ್ಟಿಗೆ, ಮನೆಯ ಕಿಟಕಿಯ ಪಕ್ಕವೂ ಬೇಡ.

ಸಂಪ್ ಅಥವಾ ಟ್ಯಾಂಕ್ ಕೆಳಗೆ ಬೆಂಕಿ ಹಾಕಬೇಡಿ. ಗ್ಲೋ ಪ್ಲಗ್ ಅಥವಾ ಹೀಟರ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಹೊಡೆಯಬೇಡಿ, ಅದು ಒಳಗೇ ಸಿಡಿಯಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಸೆಲ್ಫ್ ಕೈಕೊಟ್ಟಿತೆಂದು ನೆಲದ ಮೇಲೆ ನಿಂತು ಸ್ಕ್ರೂಡ್ರೈವರ್‌ನಿಂದ ಸ್ಟಾರ್ಟರ್ ಮೋಟರ್ ಶಾರ್ಟ್ ಮಾಡಬೇಡಿ. ಹಾಗೆ ಮಾಡಿದರೆ ಕ್ಲಚ್, ನ್ಯೂಟ್ರಲ್‌ನ ಸುರಕ್ಷಾ ಸ್ವಿಚ್ ಕೆಲಸ ಮಾಡುವುದಿಲ್ಲ. ಟ್ರ್ಯಾಕ್ಟರ್ ಗೇರ್‌ನಲ್ಲಿದ್ದರೆ ಸ್ಟಾರ್ಟ್ ಆದ ಕ್ಷಣವೇ ಮುಂದೆ ಹಾಯುತ್ತದೆ, ನೀವು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ದಾರಿಯಲ್ಲಿ. ಚಳಿಗಾಲಕ್ಕೆ ಮೊದಲೇ ಬ್ಯಾಟರಿ ಪರೀಕ್ಷಿಸಿ, ಟರ್ಮಿನಲ್ ಉಜ್ಜಿ, ಆಯಿಲ್ ಮತ್ತು ಡೀಸೆಲ್ ಫಿಲ್ಟರ್ ಬದಲಿಸಿಕೊಂಡರೆ ಈ ಅಡ್ಡದಾರಿ ಹಿಡಿಯುವ ಸಂದರ್ಭವೇ ಬರುವುದು ಕಡಿಮೆ.

ಒಟ್ಟಿನಲ್ಲಿ, ಎಂಜಿನ್ ಬಿಸಿ ಮಾಡಬೇಕು ಎಂಬುದು ಸರಿ. ಅದಕ್ಕೆ ಅರ್ಧ ಗಂಟೆ ಬೇಕು ಎಂಬುದು ತಪ್ಪು. ಕೆಲವು ನಿಮಿಷ ನಿಲ್ಲಿಸಿ, ಉಳಿದದ್ದನ್ನು ಹಗುರವಾಗಿ ಓಡಿಸುತ್ತಲೇ ಬಿಸಿ ಮಾಡಿ.