ಬಿಡುವಿನ ವೇಳೆ: ಇಪ್ಪತ್ತೆಂಟರ ಆಟ

ಕಡೂರು, ತರೀಕೆರೆ, ಅಜ್ಜಂಪುರಗಳ ನೆಂಟರು ಒಂದೇ ಜಮಖಾನೆಯ ಮೇಲೆ ಇಸ್ಪೀಟಿಗೆ ಕುಳಿತರೆ ಕಲಹವು ಹುಟ್ಟುವುದು ಸೋಲಿನಿಂದಲ್ಲ, ತುರುಫಿನಿಂದ. ಇಪ್ಪತ್ತೆಂಟರ ಆಟಕ್ಕೆ ಏಳರಿಂದ ಎಕ್ಕದವರೆಗೆ 32 ಎಲೆಗಳು. ಎದುರುಬದುರು ಕುಳಿತವರು ಜೊತೆಗಾರರು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು; ನಾಲ್ಕು ಜಾತಿಗೆ ಒಟ್ಟು 28 ಅಂಕಗಳು. ರಾಜರಾಣಿಯರಿಗೆ ಏನೂ ಇಲ್ಲ! ಆಳು ಅರಸನನ್ನು ಗೆಲ್ಲುವ ಈ ವಿನೋದವು ನಮಗೆ ಬಹು ಪ್ರಿಯವಾದುದು.

ಮೊದಲ ನಾಲ್ಕೆಲೆಗಳನ್ನು ನೋಡಿ ಹೆಚ್ಚು ಕೂಗಿದವರು ತುರುಫನ್ನು ಬೋರಲಾಗಿ ಇಡುವರು. ಆಡಿದ ಜಾತಿಯ ಎಲೆಯಿಲ್ಲದವರು ಅದನ್ನು ತೆರೆಯಿಸಬಹುದು. ತೆರೆಯಿಸಿದವರು ಕೈಯಲ್ಲಿದ್ದರೆ ತುರುಫನ್ನೇ ಆಡಬೇಕೆ? ಕೆಲವು ಮನೆಗಳಲ್ಲಿ ಆಡಲೇಬೇಕು. ಕೆಲವೆಡೆ ಅವರವರ ಇಷ್ಟ. ಕಡ್ಡಾಯವೇ ಸರಿಯೆಂದು ನಮ್ಮ ಮತ. ಅಲ್ಲದಿದ್ದರೆ ಪರರ ಗುಟ್ಟನ್ನು ಬಿಟ್ಟಿಯಾಗಿ ಇಣುಕಿದಂತಾಗುವುದು. ಅತಿಥಿಗಳಿದ್ದಲ್ಲಿ ಎಲೆ ಹಂಚುವ ಮೊದಲೇ ಇದನ್ನು ಕೇಳಿಕೊಳ್ಳತಕ್ಕದ್ದು. ತುರುಫು ತೆರೆದ ಮೇಲೆ ನಿಯಮ ಹೇಳುವವರನ್ನು ಯಾರೂ ನಂಬರು.