ತಡವಾದ ನಾಟಿ ತಪ್ಪೇ?

ನವೆಂಬರ್ ಮುಗಿಯುತ್ತ ಬಂದಂತೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಹೂಗೆಡ್ಡೆಗಳ ಬೆಲೆ ಇಳಿಯುವುದು. ಕಾಲ ಮೀರಿತೆಂದು ಕೆಲವರು ಅವನ್ನು ಮುಟ್ಟರು. ಅಗ್ಗವೆಂದು ಕೆಲವರು ಕಣ್ಣುಮುಚ್ಚಿ ಕೊಳ್ಳುವರು. ಇವರಲ್ಲಿ ಯಾರೂ ಗೆಡ್ಡೆಯನ್ನೇ ಪರೀಕ್ಷಿಸುವುದಿಲ್ಲವೆಂಬುದು ನನ್ನ ಆಕ್ಷೇಪಣೆ.

ಆ ವೇಳೆಗೆ ಟ್ಯೂಲಿಪ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿದರೆ, ಮುಂದಿನ ವಸಂತದ ಹೂವು ಸೂಕ್ಷ್ಮರೂಪದಲ್ಲಿ ಆಗಲೇ ಸಿದ್ಧವಾಗಿರುವುದನ್ನು ಕಾಣಬಹುದು. ಸುತ್ತಲಿನ ದಪ್ಪ ಪದರಗಳೇ ಅದರ ಬುತ್ತಿ. ಮಧ್ಯ ಏಷ್ಯದ ಬೆಟ್ಟಗಳ ಈ ಸಸ್ಯಕ್ಕೆ ಮೇಲೇಳಲು ಇನ್ನು ಬೇಕಾದುದು ಸುಮಾರು 12ರಿಂದ 16 ವಾರಗಳ ಚಳಿ. ನವೆಂಬರ್ ಕೊನೆಯಲ್ಲಿ ನೆಟ್ಟರೂ ಅದು ದೊರೆಯುವುದು. ಮೇಲಾಗಿ ತಣ್ಣನೆಯ ಮಣ್ಣಿನಲ್ಲಿ ಬೂಷ್ಟುರೋಗದ ಹಾವಳಿಯೂ ತಗ್ಗುವುದು.

ಡ್ಯಾಫೊಡಿಲ್ ಹಾಗಲ್ಲ. ಅದು ಬೇಗನೆ ಬೇರು ಬಿಡುವುದರಿಂದ ಸೆಪ್ಟೆಂಬರಿನಲ್ಲೇ ನೆಡುವುದು ಲೇಸು. ತಡವಾದರೆ ಆ ವರ್ಷದ ಹೂವು ಸೊರಗಬಹುದು. ಆದರೂ ಮುಂದಿನ ವರ್ಷಕ್ಕೆಂದು ಚೀಲದಲ್ಲಿ ಉಳಿಸುವುದಕ್ಕಿಂತ ನೆಡುವುದೇ ಮೇಲು. ಗೆಡ್ಡೆಯು ಒಣಬೀಜದಂತೆ ವರ್ಷಗಟ್ಟಲೆ ಕಾಯಲಾರದು. ಉಸಿರಾಡುತ್ತ ತನ್ನ ಬುತ್ತಿಯನ್ನು ತಾನೇ ಕರಗಿಸಿಕೊಳ್ಳುವುದು.

ನಮ್ಮ ಸುಗಂಧರಾಜವೂ ಗೆಡ್ಡೆಯಿಂದಲೇ ಬೆಳೆಯುವುದು. ಆದರೆ ಅದಕ್ಕೆ ಚಳಿಯ ಹಂಗಿಲ್ಲ. ಅದೇ ಬೆಂಗಳೂರಿನ ತೋಟದಲ್ಲಿ ಟ್ಯೂಲಿಪ್ ಅರಳಬೇಕಾದರೆ ಗೆಡ್ಡೆಯನ್ನು ಮೊದಲು ಶೈತ್ಯಾಗಾರದಲ್ಲಿ ಇರಿಸಬೇಕು. ಆದುದರಿಂದ ಎಲ್ಲ ಗೆಡ್ಡೆಗಳಿಗೂ ಒಂದೇ ಮುಹೂರ್ತವಿಡುವುದು ಸರಿಯಲ್ಲ.

ವಿದ್ಯಾರ್ಥಿಗಳು ನೆನಪಿಡಬೇಕಾದುದಿಷ್ಟೆ: ಗೆಡ್ಡೆಯನ್ನು ಮೊದಲು ಕೈಯಲ್ಲಿ ಹಿಡಿದು ನೋಡಿರಿ. ಗಟ್ಟಿಯಾಗಿ, ತೂಕವಾಗಿ ಇದ್ದರೆ ಅದರಲ್ಲಿ ಜೀವವಿದೆ. ಅದನ್ನು ಕಸಕ್ಕೆಸೆಯುವುದು ಅವಿವೇಕ. ಮೆತ್ತಗಾಗಿ, ಹಗುರಾಗಿ ಇದ್ದರೆ ಪುಕ್ಕಟೆ ದೊರೆತರೂ ಅದು ದುಬಾರಿಯೇ.